ಡಂಪ್ಲಿಂಗ್‌ನಲ್ಲಿ ನೆರಿಗೆಗಿಂತ ನೀರಿನದ್ದೇ ಕಾರುಬಾರು

ಮೊಮೊ ಥರ ಹಿಟ್ಟಿನ ಹಾಳೆಯೊಳಗೆ ಹೂರಣ ತುಂಬಿ ಬೇಯಿಸುವ ಡಂಪ್ಲಿಂಗ್ ಮನೆಯಲ್ಲೇ ಮಾಡೋಣ ಅಂದರೆ ಮುಕ್ಕಾಲು ಪಾಲು ಜನ ಹಿಂದೆ ಸರಿಯುವುದು ನೆರಿಗೆ ನೋಡಿ. ವಿಡಿಯೋದಲ್ಲಿ ಯಾರೋ ಒಬ್ಬರು ಕಣ್ಣು ಮಿಟುಕಿಸುವಷ್ಟರಲ್ಲಿ ಹದಿನೆಂಟು ನೆರಿಗೆ ಹಿಡಿದು, ತುದಿ ತಿರುಚಿ, ಸಾಲಾಗಿ ಇಡುತ್ತಾ ಹೋಗುತ್ತಾರೆ. ನೋಡಿದವರು ‘ಅಯ್ಯೋ, ಇದು ನಮ್ಮ ಕೈಲಾಗುವ ಕೆಲಸ ಅಲ್ಲಪ್ಪ’ ಅಂತ ಫೋನ್ ಕೆಳಗಿಟ್ಟು ಬೇರೇನೋ ಬೇಯಿಸಿಕೊಳ್ಳುತ್ತಾರೆ. ನನಗೆ ಇದು ಬೇಜಾರು. ಯಾಕಂದರೆ ಡಂಪ್ಲಿಂಗ್ ರುಚಿಗೂ ನೆರಿಗೆಗೂ ಅಂಥಾ ಸಂಬಂಧವೇನೂ ಇಲ್ಲ. ಕೆಡಿಸುವುದೂ ನೀರು, ರುಚಿ ಕೊಡುವುದೂ ನೀರು. ಹೂರಣದಲ್ಲಿ ಎಷ್ಟು ನೀರಿದೆ, ಕಣಕಕ್ಕೆ ಎಂಥಾ ನೀರು ಹಾಕಿದ್ದೀರಿ, ಪ್ಯಾನಿಗೆ ಎಷ್ಟು ಸುರಿದಿರಿ, ಅದು ಯಾವಾಗ ಇಂಗಿತು. ಇಷ್ಟು ಹದ ಸಿಕ್ಕರೆ ಸುಮ್ನೆ ಅರ್ಧಕ್ಕೆ ಮಡಚಿ ಅಂಚು ಒತ್ತಿದರೂ ಸಾಕು.

ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಒಂದು ಹಳೇ ಸಾಕ್ಷಿಯೂ ಇದೆ. ಚೀನಾದ ಶಿನ್‌ಜಿಯಾಂಗ್‌ನಲ್ಲಿ ತುರ್ಪಾನ್ ಅನ್ನುವ ಊರಿನ ಹತ್ತಿರ ಅಸ್ತಾನಾ ಎಂಬ ಹಳೆಯ ಸ್ಮಶಾನವಿದೆ. ಅಲ್ಲಿನ ಟಾಂಗ್ ಕಾಲದ (618–907) ಗೋರಿಗಳಲ್ಲಿ ನಿಜವಾದ ಡಂಪ್ಲಿಂಗ್‌ಗಳೇ ಸಿಕ್ಕಿವೆ. ಮರುಭೂಮಿಯ ಒಣ ಹವೆಗೆ ಸಾವಿರ ವರ್ಷ ದಾಟಿದರೂ ಅವು ಕೆಡದೆ ಒಣಗಿ ನಿಂತಿವೆ. ಅವುಗಳ ಚಿತ್ರ ಹುಡುಕಿ ನೋಡಿ. ಸಾದಾ ಅರ್ಧಚಂದ್ರ, ಒತ್ತಿದ ಅಂಚು, ಅಷ್ಟೇ. ಆಗಿನ ಅಡುಗೆಯವರಿಗೆ ಅದು ಸಾಕಾಗಿತ್ತು ಅಂದಮೇಲೆ ಆಫೀಸಿನಿಂದ ಸುಸ್ತಾಗಿ ಬಂದ ನಮಗೂ ಸಾಕು, ಅಲ್ವಾ?

ಮಾಡುವ ಮೊದಲು ಯಾರು ಯಾರ ಮನೆಯವರು ಅಂತ ಒಂದು ಸುತ್ತು ಹೇಳಿಬಿಡುತ್ತೇನೆ. ಚೀನಾದ ಜಿಯಾವ್‌ಜ ಈ ಮನೆತನದ ಹಿರಿಯ. ಹಾನ್ ಕಾಲದ ವೈದ್ಯ ಝಾಂಗ್ ಝೊಂಗ್‌ಜಿಂಗ್, ಚಳಿಗೆ ಕಿವಿ ಸೆಟೆದ ಬಡವರಿಗೆ ಕುರಿ ಮಾಂಸ ಮತ್ತು ಔಷಧಿ ಗಿಡಮೂಲಿಕೆ ತುಂಬಿದ ಕಿವಿಯಾಕಾರದ ಡಂಪ್ಲಿಂಗ್ ಬೇಯಿಸಿ ಕೊಟ್ಟ ಅನ್ನುವುದು ಅಲ್ಲಿನ ಕಥೆ. ಉತ್ತರ ಚೀನಾದಲ್ಲಿ ಹೊಸ ವರ್ಷದ ರಾತ್ರಿ ಮನೆಮಂದಿಯೆಲ್ಲ ಕೂತು ಇದನ್ನು ಮಡಚುತ್ತಾರೆ. ಹಳೇ ಕಾಲದ ಬೆಳ್ಳಿ ಗಟ್ಟಿಯ ಆಕಾರ ಇದಕ್ಕಿದೆ, ಹಾಗಾಗಿ ದುಡ್ಡು ಬರುತ್ತದೆ ಅಂತ ನಂಬಿಕೆ. ಜಪಾನಿನ ಗ್ಯೋಜಾ ಇದೇ ಜಿಯಾವ್‌ಜದ ಮರಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈಶಾನ್ಯ ಚೀನಾದ ಮಂಚೂರಿಯಾದಿಂದ ವಾಪಸ್ ಬಂದ ಜಪಾನೀಯರು ಆ ರುಚಿಯನ್ನು ಮನೆಗೆ ತಂದರು. ಗ್ಯೋಜಾ ಹಾಳೆ ತೆಳು, ಬೆಳ್ಳುಳ್ಳಿ ಜಾಸ್ತಿ, ಸಾಮಾನ್ಯವಾಗಿ ಪ್ಯಾನಿನಲ್ಲೇ ಮಾಡುತ್ತಾರೆ. ಉತ್ಸುನೊಮಿಯಾ ಮತ್ತು ಹಮಾಮತ್ಸು ಅನ್ನುವ ಎರಡು ಊರುಗಳಿಗೆ ವರ್ಷಕ್ಕೆ ಯಾರ ಮನೆಯಲ್ಲಿ ಗ್ಯೋಜಾಗೆ ಜಾಸ್ತಿ ಖರ್ಚಾಯಿತು ಅನ್ನುವುದರಲ್ಲೇ ಪೈಪೋಟಿ! ಕೊರಿಯಾದ ಮಂಡುವಿನಲ್ಲಿ ಟೋಫು (ಸೋಯಾ ಪನೀರ್), ಗಾಜಿನಂಥ ಶ್ಯಾವಿಗೆ, ಎಷ್ಟೋ ಸಲ ಕಿಮ್ಚಿ ಅನ್ನುವ ಖಾರದ ಕೋಸಿನ ಉಪ್ಪಿನಕಾಯಿ. ಟಿಬೆಟ್, ನೇಪಾಳದ ಮೊಮೊ ಎಲ್ಲರಿಗೂ ಗೊತ್ತು. ಹೊರಗೆ ಮೈದಾ ಹಾಳೆ, ಒಳಗೆ ಸಣ್ಣಗೆ ಕೊಚ್ಚಿದ್ದು ಏನಾದರೂ. ಇವೆಲ್ಲದರ ಲೆಕ್ಕ ಹೆಚ್ಚುಕಡಿಮೆ ಒಂದೇ.

ಈಗ ಹೂರಣಕ್ಕೆ ಬರೋಣ. ನನ್ನ ಪ್ರಕಾರ ಅರ್ಧ ಅಡುಗೆ ಇಲ್ಲೇ ಮುಗಿಯುತ್ತದೆ.

ಮೂವತ್ತು ಚಿಲ್ಲರೆ ಡಂಪ್ಲಿಂಗ್‌ಗೆ ನಾನು ತೆಗೆದುಕೊಳ್ಳುವುದು 300 ಗ್ರಾಂ ಎಲೆಕೋಸು, 150 ಗ್ರಾಂ ಗಟ್ಟಿ ಟೋಫು, 100 ಗ್ರಾಂ ಅಣಬೆ, ಒಂದು ಸಣ್ಣ ಕ್ಯಾರೆಟ್, ನಾಲ್ಕೈದು ದಂಟು ಸ್ಪ್ರಿಂಗ್ ಆನಿಯನ್, ಒಂದಿಂಚು ಶುಂಠಿ, ಮೂರು ಎಸಳು ಬೆಳ್ಳುಳ್ಳಿ. ರುಚಿಗೆ ಒಂದೂವರೆ ದೊಡ್ಡ ಚಮಚ ಸೋಯಾ ಸಾಸ್, ಕಾಲು ಚಮಚ ಬಿಳಿ ಮೆಣಸಿನ ಪುಡಿ, ಚಿಟಿಕೆ ಸಕ್ಕರೆ, ಎರಡು ಸಣ್ಣ ಚಮಚ ಹುರಿದ ಎಳ್ಳಿನ ಎಣ್ಣೆ. ಹಿಡಿದುಕೊಳ್ಳುವುದಕ್ಕೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್. ಅಜಿನೊಮೊಟೊ ಹಾಕುವವರು ಹಾಕಿ, ನನ್ನದೇನೂ ತಕರಾರಿಲ್ಲ. ಒಣ ಅಣಬೆ ನೆನೆಸಿ ಹಾಕಿದರೆ ಅದರ ಅವಶ್ಯಕತೆಯೇ ಬರುವುದಿಲ್ಲ, ಅಷ್ಟು ಗಾಢ ರುಚಿ ಅದಕ್ಕೆ.

ಎಲೆಕೋಸಿನ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ. ಹಸಿಯಾಗಿ ಹಾಗೇ ತುಂಬಿದರೆ ಬೇಯುವಾಗ ಆ ನೀರೆಲ್ಲ ಹೊರಗೆ ಬಂದು, ಹಾಳೆ ಒಳಗಿಂದ ಮೆತ್ತಗಾಗಿ, ಕಚ್ಚಿದಾಗ ಸಪ್ಪೆ ನೀರು ಬಾಯಿಗೆ ಬರುತ್ತದೆ. ಹಾಗಾಗಿ ಕೋಸನ್ನು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಕೊಚ್ಚಿ, ಮುಕ್ಕಾಲು ಸಣ್ಣ ಚಮಚ ಉಪ್ಪು ಹಾಕಿ, ಕೈಯಲ್ಲಿ ಚೆನ್ನಾಗಿ ಉಜ್ಜಿ ಹದಿನೈದು ನಿಮಿಷ ಬಿಡಿ. ಉಪ್ಪು ತನ್ನ ಪಾಡಿಗೆ ನೀರು ಎಳೆಯುತ್ತಾ ಇರುತ್ತದೆ, ನೀವು ಉಳಿದದ್ದು ಹೆಚ್ಚಿಕೊಳ್ಳಿ.

ಆಮೇಲೆ ಹಿಂಡುವುದು. ಒಂದು ಹಿಡಿ ಕೋಸು ತೆಗೆದುಕೊಂಡು ಮುಷ್ಟಿ ಕಟ್ಟಿ. ಮೊದಲು ತೆಳು ಹಸಿರು ನೀರು ಧಾರೆಯಾಗಿ ಬೀಳುತ್ತದೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಉಂಡೆಯನ್ನು ಕೈಯಲ್ಲೇ ತಿರುಗಿಸಿ ಇನ್ನೊಂದು ಸಲ ಹಿಂಡಿ, ಈಗ ಹನಿ ಹನಿಯಾಗಿ ಬರುತ್ತದೆ. ಮೂರನೇ ಸಲಕ್ಕೆ ಬೆರಳ ಸಂದಿಯಲ್ಲಿ ಬರೀ ಸಣ್ಣ ನೊರೆ. ಮುಷ್ಟಿ ಬಿಚ್ಚಿದಾಗ ಕೋಸು ಉದುರದೆ, ಬೆರಳಿನ ಅಚ್ಚು ಮೂಡಿದ ಗಟ್ಟಿ ಮುದ್ದೆಯಾಗಿ ಅಂಗೈಯಲ್ಲೇ ಕೂತರೆ ಹದ ಸರಿ. ಕೈಯಲ್ಲಿ ಶಕ್ತಿ ಸಾಲದಿದ್ದರೆ ತೆಳು ಬಟ್ಟೆಯಲ್ಲಿ ಕಟ್ಟಿ ತಿರುಚಿ. ಬಟ್ಟಲಿನಲ್ಲಿ ಉಳಿದ ನೀರನ್ನು ಚೆಲ್ಲಬೇಡಿ, ಸೂಪಿಗೆ ಹಾಕಿ, ಆಗ ಸೂಪಿಗೆ ಉಪ್ಪು ಕಡಿಮೆ ಮಾಡಿ. ಕಿಮ್ಚಿ ಹಾಕುವುದಾದರೆ ಅದಕ್ಕೂ ಇದೇ ಶಿಕ್ಷೆ.

ಟೋಫುವನ್ನು ಎರಡು ತಟ್ಟೆಯ ಮಧ್ಯೆ ಇಟ್ಟು ಮೇಲೆ ಒಂದು ಭಾರದ ಪಾತ್ರೆ ಇಡಿ. ಕಾಲು ಗಂಟೆಯಲ್ಲಿ ತಟ್ಟೆಯಲ್ಲಿ ನೀರು ನಿಂತಿರುತ್ತದೆ. ಆಮೇಲೆ ಕೈಯಲ್ಲೇ ಪುಡಿ ಮಾಡಿ. ಅಣಬೆಗೆ ಹಿಂಡುವುದು ಹೊಂದುವುದಿಲ್ಲ, ಅದನ್ನು ಸಣ್ಣಗೆ ಹೆಚ್ಚಿ ದೊಡ್ಡ ಉರಿಯಲ್ಲಿ ಹುರಿಯಬೇಕು. ಮೊದಲು ತಾನೇ ನೀರು ಬಿಟ್ಟು ಅದರಲ್ಲೇ ಕುದಿಯುತ್ತದೆ, ಆ ನೀರು ಪೂರ್ತಿ ಬತ್ತಿ ಅಂಚು ಕಂದು ಬಣ್ಣಕ್ಕೆ ತಿರುಗುವವರೆಗೆ ಬಿಡಿ. ಅದೇ ಪ್ಯಾನಿಗೆ ಕ್ಯಾರೆಟ್ ತುರಿ, ಶುಂಠಿ, ಬೆಳ್ಳುಳ್ಳಿ ಹಾಕಿ ಒಂದು ನಿಮಿಷ ಕೈಯಾಡಿಸಿ ಇಳಿಸಿ. ಬಿಸಿ ಹೂರಣ ಮಾತ್ರ ತುಂಬಬೇಡಿ, ಅದರ ಹಬೆಗೇ ಹಾಳೆ ಒದ್ದೆಯಾಗುತ್ತದೆ. ತಟ್ಟೆಯಲ್ಲಿ ಹರಡಿ ಫ್ಯಾನಿನ ಕೆಳಗೆ ಇಟ್ಟರೆ ಬೇಗ ಆರುತ್ತದೆ.

ಗಾಜಿನ ಶ್ಯಾವಿಗೆ ಮನೆಯಲ್ಲಿದ್ದರೆ ಒಂದು ಹಿಡಿ ನೆನೆಸಿ, ಬಸಿದು, ಸಣ್ಣಗೆ ಕತ್ತರಿಸಿ ಸೇರಿಸಿ. ಎಷ್ಟೇ ಹಿಂಡಿದರೂ ತರಕಾರಿಯಲ್ಲಿ ಸ್ವಲ್ಪ ನೀರು ಉಳಿದಿರುತ್ತದೆ ನೋಡಿ, ಅದನ್ನು ಈ ಶ್ಯಾವಿಗೆ ಕುಡಿದುಬಿಡುತ್ತದೆ. ಕೊರಿಯಾದವರು ಇದನ್ನು ಸುಮ್ನೆ ಹಾಕುವುದಿಲ್ಲ.

ಮಾಂಸ ತಿನ್ನುವ ಮನೆಗಳಲ್ಲಿ ಲೆಕ್ಕ ತಿರುವುಮುರುವು. ತರಕಾರಿಯಿಂದ ನೀರು ತೆಗೆಯುತ್ತೇವೆ, ಕೀಮಾಗೆ ನೀರು ಸೇರಿಸುತ್ತೇವೆ. 300 ಗ್ರಾಂ ಚಿಕನ್ ಅಥವಾ ಹಂದಿ ಕೀಮಾಗೆ ಉಪ್ಪು, ಸೋಯಾ ಸಾಸ್ ಹಾಕಿ, ತಣ್ಣೀರು ಅಥವಾ ಸ್ಟಾಕ್ (ಮೂಳೆ, ತರಕಾರಿ ಕುದಿಸಿ ಸೋಸಿದ ನೀರು) ಅನ್ನು ಚಮಚ ಚಮಚವಾಗಿ ಮೂರ್ನಾಲ್ಕು ದೊಡ್ಡ ಚಮಚದಷ್ಟು ಬೆರೆಸುತ್ತಾ ಹೋಗಿ. ಒಂದು ಚಮಚ ಪೂರ್ತಿ ಇಂಗಿದ ಮೇಲೆ ಇನ್ನೊಂದು. ಒಂದೇ ದಿಕ್ಕಿನಲ್ಲಿ ತಿರುಗಿಸಬೇಕು ಅಂತ ಚೀನಾದ ಅಡುಗೆಯವರು ಒತ್ತಿ ಒತ್ತಿ ಹೇಳುತ್ತಾರೆ. ದಿಕ್ಕಿಗಿಂತ, ಕೀಮಾ ಅಂಟಂಟಾಗಿ ಪಾತ್ರೆಯ ಗೋಡೆ ಹಿಡಿದುಕೊಳ್ಳುವವರೆಗೆ ಬಿಡದೆ ತಿರುಗಿಸುವುದು ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಉಪ್ಪು ಬಿದ್ದ ಮಾಂಸದ ಪ್ರೋಟೀನ್ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿ ಆ ನೀರನ್ನು ಹಿಡಿದಿಡುತ್ತದೆ. ಬೆಂದಮೇಲೆ ಕಚ್ಚಿದರೆ ಬರುವ ರಸ ಇದೇ. ಶಾಂಘಾಯಿ ಕಡೆಯ ಸೂಪ್ ತುಂಬಿದ ಶಿಯಾವ್‌ಲೊಂಗ್‌ಬಾವ್ ಈ ಆಟವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಜೆಲ್ಲಿಯಾಗಿ ಗಟ್ಟಿಯಾದ ಸ್ಟಾಕ್ ಅನ್ನು ತುಂಡು ಮಾಡಿ ಹೂರಣಕ್ಕೆ ಬೆರೆಸುತ್ತಾರೆ, ಹಬೆಯಲ್ಲಿ ಅದು ಕರಗಿ ಸೂಪಾಗುತ್ತದೆ. ಅದು ಭಾನುವಾರದ ಕೆಲಸ, ಬೇಗ ಆಗುವ ಅಡುಗೆಯ ಪಟ್ಟಿಗೆ ಸೇರುವುದಿಲ್ಲ.

ಮೊಟ್ಟೆ ತಿನ್ನುವವರಿಗೆ ಉತ್ತರ ಚೀನಾದ ಇನ್ನೊಂದು ಹೂರಣ ಇದೆ, ಬಹಳ ಸುಲಭ. ಮೊಟ್ಟೆ ಬುರ್ಜಿ ಮಾಡಿ ಆರಿಸಿ, ಬೆಳ್ಳುಳ್ಳಿ ಘಮದ ಚೈವ್ ಸೊಪ್ಪನ್ನು ಸಣ್ಣಗೆ ಹೆಚ್ಚಿ ಬೆರೆಸುವುದು. ಇಲ್ಲಿ ಒಂದು ಜಾಣತನ ಇದೆ. ಸೊಪ್ಪಿಗೆ ಮೊದಲು ಎಣ್ಣೆ ಸವರಿ, ಉಪ್ಪನ್ನು ತುಂಬುವ ಹೊತ್ತಿಗೆ ಕೊನೆಯಲ್ಲಿ ಹಾಕುತ್ತಾರೆ. ಎಣ್ಣೆಯ ಪದರ ಇದ್ದರೆ ಉಪ್ಪು ಸೊಪ್ಪಿನಿಂದ ಅಷ್ಟು ಬೇಗ ನೀರು ಎಳೆಯುವುದಿಲ್ಲ. ಹಿಂಡುವ ಕೆಲಸವೇ ಇಲ್ಲ. ಆದರೆ ಉಪ್ಪು ಬಿದ್ದಮೇಲೆ ತಡ ಮಾಡುವ ಹಾಗಿಲ್ಲ.

ಎಲ್ಲಾ ಕಲಸಿದ ಮೇಲೆ ಎಳ್ಳೆಣ್ಣೆ ಕೊನೆಗೆ. ಗಾಢ ಕಂದು ಬಣ್ಣದ, ಎಳ್ಳು ಹುರಿದು ತೆಗೆದ ಎಣ್ಣೆಯೇ ಬೇಕು. ಹುರಿಯದ ಎಳ್ಳಿನ ತೆಳು ಬಣ್ಣದ ಎಣ್ಣೆ ಅಡುಗೆಗೆ ಒಳ್ಳೆಯದೇ, ಆದರೆ ಆ ಘಮ ಅದರಲ್ಲಿ ಸಿಗುವುದಿಲ್ಲ. ಕಲಸಿದ ಮೇಲೆ ಒಂದು ಚಮಚ ಹೂರಣವನ್ನು ಪ್ಯಾನಿನಲ್ಲಿ ತಟ್ಟಿ ಬೇಯಿಸಿ ಬಾಯಿಗೆ ಹಾಕಿ ನೋಡಿ. ಕೀಮಾ ಆದರಂತೂ ಹಸಿಯಾಗಿ ರುಚಿ ನೋಡುವ ಹಾಗಿಲ್ಲ. ಸುಮ್ನೆ ತಿಂದರೆ ಉಪ್ಪು ಒಂದು ಗುಲಗಂಜಿ ಜಾಸ್ತಿ ಅನ್ನಿಸಬೇಕು, ಸಪ್ಪೆ ಹಾಳೆಯ ಜೊತೆ ಆಗ ಸರಿಹೋಗುತ್ತದೆ.

ಕಣಕದ ವಿಷಯ. ಅಂಗಡಿಯಲ್ಲಿ ಗ್ಯೋಜಾ ಅಥವಾ ವೊಂಟನ್ ಹಾಳೆ ಅಂತ ಫ್ರೀಜರ್‌ನಲ್ಲಿ ಸಿಗುತ್ತದೆ. ಸಿಕ್ಕಿದರೆ ತನ್ನಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಜಪಾನಿನಲ್ಲಿ ಮನೆಯಲ್ಲಿ ಗ್ಯೋಜಾ ಮಾಡುವವರು ಹಾಳೆಯನ್ನು ಅಂಗಡಿಯಿಂದ ತರುವುದು ತೀರಾ ಮಾಮೂಲು. ಹಾಳೆ ತಂದಿದ್ದರೆ ಮುಕ್ಕಾಲು ಗಂಟೆಯಲ್ಲಿ ತಟ್ಟೆಗೆ ಬರುತ್ತದೆ. ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಹಿಂದಿನ ರಾತ್ರಿಯೇ ಇಟ್ಟು ಕರಗಿಸಿ. ಅವಸರಕ್ಕೆ ಮೈಕ್ರೋವೇವ್‌ಗೆ ಹಾಕಿದರೆ ಅಂಚು ಒಣಗಿ ಒಡೆಯುತ್ತದೆ. ಪೊಟ್ಟಣ ಬಿಚ್ಚಿದ ಮೇಲೆ ಒದ್ದೆ ಬಟ್ಟೆ ಮುಚ್ಚಿಡಿ. ಈ ಹಾಳೆಗಳಿಗೆ ಮೇಲೆ ಪಿಷ್ಟದ ಪುಡಿ ಉದುರಿಸಿರುತ್ತಾರೆ, ಹಾಗಾಗಿ ಅಂಚಿಗೆ ನೀರು ಸವರದೆ ಅಂಟುವುದಿಲ್ಲ. ಬೆರಳು ತುದಿಯಷ್ಟು ನೀರು ಸಾಕು. ಜಾಸ್ತಿಯಾದರೆ ಜಾರುತ್ತದೆ.

ಮನೆಯಲ್ಲೇ ಕಲಸುವುದಾದರೆ ಇನ್ನೊಂದು ಅರ್ಧ ಗಂಟೆ ಹಿಡಿಯಿರಿ. 250 ಗ್ರಾಂ ಮೈದಾ, ಚಿಟಿಕೆ ಉಪ್ಪು, 130 ಮಿಲಿ ಸುಮಾರು ನೀರು. ಪ್ಯಾನಿಗೆ ಅಥವಾ ಹಬೆಗೆ ಇಡುವುದಾದರೆ ಈಗಷ್ಟೇ ಕುದಿದ ನೀರು. ನೀರಿನಲ್ಲಿ ಬೇಯಿಸುವುದಾದರೆ ತಣ್ಣೀರು. ಯಾಕೆ ಅಂದರೆ, ಬಿಸಿನೀರು ಬಿದ್ದ ಕೂಡಲೇ ಹಿಟ್ಟಿನ ಪಿಷ್ಟ ಅರ್ಧ ಬೆಂದಂತಾಗಿ ನೀರು ಹೀರಿಕೊಳ್ಳುತ್ತದೆ, ಗ್ಲೂಟನ್ ಅನ್ನುವ ಗೋಧಿಯ ಪ್ರೋಟೀನಿನ ಜಿಗುಟು ಕಡಿಮೆಯಾಗುತ್ತದೆ. ಲಟ್ಟಿಸಿದರೆ ವಾಪಸ್ ಎಳೆದುಕೊಳ್ಳುವುದಿಲ್ಲ, ತಿನ್ನುವುದಕ್ಕೂ ಮೃದು. ತಣ್ಣೀರಿನದ್ದು ಬಿಗಿ, ಕುದಿಯುವ ನೀರಿನಲ್ಲಿ ಉರುಳಾಡಿದರೂ ಹರಿಯುವುದಿಲ್ಲ, ಹಲ್ಲಿಗೆ ಸ್ವಲ್ಪ ಎಳೆತ ಸಿಗುತ್ತದೆ. ಹೊಸದಾಗಿ ಮಾಡುವವರು ಬಿಸಿನೀರಿನದ್ದೇ ಮಾಡಿ.

ಬಿಸಿನೀರನ್ನು ಸುರಿಯುತ್ತಾ ಚಾಪ್‌ಸ್ಟಿಕ್ ಅಥವಾ ಫೋರ್ಕ್‌ನಲ್ಲಿ ಕಲಕಿ, ಎಳೆ ಎಳೆಯಾಗಿ ಪುಡಿಯಾದ ಮೇಲೆ ಕೈ ಹಾಕಿ. ಶುರುವಿನಲ್ಲಿ ಮೇಲೆಲ್ಲ ತರಿತರಿಯಾಗಿ ಒಣಗಿದ ಹಾಗೆ ಕಾಣುತ್ತದೆ. ಹೆದರಿ ಇನ್ನಷ್ಟು ನೀರು ಹಾಕಬೇಡಿ. ಎರಡು ನಿಮಿಷ ನಾದಿ, ಪಾತ್ರೆ ಬೋರಲು ಹಾಕಿ ಹತ್ತು ನಿಮಿಷ ಬಿಟ್ಟು ಮತ್ತೆ ನಾದಿದರೆ ಅದೇ ಹಿಟ್ಟು ನುಣ್ಣಗಾಗಿರುತ್ತದೆ. ಒತ್ತಿ ನೋಡಿದರೆ ಕಿವಿಯ ಹಾಲೆ ಮುಟ್ಟಿದ ಹಾಗಿರಬೇಕು. ಇನ್ನೊಂದು ಇಪ್ಪತ್ತು ನಿಮಿಷ ಮುಚ್ಚಿಟ್ಟು ಹೂರಣದ ಕೆಲಸ ಮುಗಿಸಿಕೊಳ್ಳಿ. ನಾನು ಮೊದಲು ಹಿಟ್ಟು ಕಲಸಿಟ್ಟೇ ಕೋಸು ಮುಟ್ಟುವುದು, ಎರಡೂ ಒಂದೇ ಹೊತ್ತಿಗೆ ಸಿದ್ಧವಾಗುತ್ತವೆ.

ಹಿಟ್ಟನ್ನು ಉದ್ದಕ್ಕೆ ಹೊಸೆದು ಅಡಿಕೆ ಗಾತ್ರದ ತುಂಡು ಮಾಡಿ, ಅಂಗೈಯಲ್ಲಿ ಒತ್ತಿ, ಎಂಟೊಂಬತ್ತು ಸೆಂಟಿಮೀಟರ್ ಅಗಲಕ್ಕೆ ಲಟ್ಟಿಸಿ. ನಡು ಸ್ವಲ್ಪ ದಪ್ಪ, ಅಂಚು ತೆಳು. ಮಡಚಿದಾಗ ಅಂಚು ಎರಡು ಪದರ ಆಗುತ್ತದಲ್ಲ, ಅಲ್ಲೂ ದಪ್ಪ ಇದ್ದರೆ ಹಸಿ ಹಿಟ್ಟು ಬಾಯಿಗೆ ಸಿಗುತ್ತದೆ. ದುಂಡಗೆ ಬರದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ತೀರಾ ಅವಸರ ಅಂದರೆ ದೊಡ್ಡ ಹಾಳೆ ಲಟ್ಟಿಸಿ ಲೋಟದ ಬಾಯಿಂದ ಕತ್ತರಿಸಿ. ಒಣ ಹಿಟ್ಟು ಕಡಿಮೆ ಬಳಸಿದ್ದರೆ ಮನೆಯ ಕಣಕಕ್ಕೆ ಅಂಚಿಗೆ ನೀರೂ ಬೇಡ.

ಮಡಚುವುದಕ್ಕೆ ನಾನು ಮಾಡುವುದು ಉತ್ತರ ಚೀನಾದ ಮನೆಗಳಲ್ಲಿ ಮಾಡುವ ಹಿಚುಕು. ಹಾಳೆಯ ನಡುವೆ ಒಂದೂವರೆ ಸಣ್ಣ ಚಮಚ ಹೂರಣ. ಅರ್ಧಕ್ಕೆ ಮಡಚಿ ನಡು ಅಂಚನ್ನು ಚಿವುಟಿ. ಈಗ ಎರಡೂ ಕೈಯ ತೋರುಬೆರಳನ್ನು ಅಂಚಿನ ಆಚೆ, ಹೆಬ್ಬೆರಳನ್ನು ಈಚೆ ಇಟ್ಟು, ಎರಡೂ ಕಡೆಯಿಂದ ನಡುವಿಗೆ ಒಂದು ಸಲ ಗಟ್ಟಿಯಾಗಿ ಒತ್ತಿ. ಅಂಚು ಪೂರ್ತಿ ಮುಚ್ಚಿಕೊಂಡು, ಹೊಟ್ಟೆ ಉಬ್ಬಿಕೊಂಡು, ಎರಡೂ ತುದಿ ಸ್ವಲ್ಪ ಬಾಗುತ್ತದೆ. ಒಂದಕ್ಕೆ ಐದಾರು ಸೆಕೆಂಡು. ಒತ್ತುವಾಗ ಒಳಗಿನ ಗಾಳಿ ಹೊರಗೆ ಹೋಗುವ ಹಾಗೆ ಹೂರಣದ ಪಕ್ಕದಿಂದ ಅಂಚಿನ ಕಡೆಗೆ ಬೆರಳು ಸರಿಸಿ. ಗಾಳಿ ಉಳಿದರೆ ಬಿಸಿಗೆ ಹಿಗ್ಗಿ ಬಾಯಿ ಬಿಡಿಸುತ್ತದೆ. ಅಂಚಿಗೆ ಎಣ್ಣೆ, ಹೂರಣ ತಾಗಿದ್ದರೆ ಒರೆಸಿ, ಎಣ್ಣೆ ಇದ್ದ ಕಡೆ ಯಾವ ಹಿಟ್ಟೂ ಅಂಟುವುದಿಲ್ಲ.

ನಮ್ಮಣ್ಣನ ಮಗ ಬಂದಾಗ ಈ ಕೆಲಸ ಅವನದು. ಹೂರಣ ಯಾವಾಗಲೂ ಜಾಸ್ತಿ ತುಂಬುತ್ತಾನೆ. ‘ಅತ್ತೆ, ನಂದು ನಿಲ್ತಾನೇ ಇಲ್ಲ, ಮಲ್ಕೊಂಡ್‌ಬಿಡ್ತು’ ಅಂತ ದೂರು ಬೇರೆ. ನೆರಿಗೆಯಿಂದ ಇರುವ ನಿಜವಾದ ಉಪಯೋಗ ಇದೊಂದೇ. ಒಂದು ಬದಿಗೆ ಮಾತ್ರ ನೆರಿಗೆ ಹಿಡಿದಾಗ ಡಂಪ್ಲಿಂಗ್ ಬಾಗಿ, ಅದಕ್ಕೊಂದು ತಳ ಬಂದು ನೆಟ್ಟಗೆ ಕೂರುತ್ತದೆ. ನೆರಿಗೆ ಇಲ್ಲದವರು ಮಡಚಿದ ಮೇಲೆ ಅಂಚು ಮೇಲೆ ಮಾಡಿ ಮಣೆಗೆ ಒಂದು ಸಲ ಮೆಲ್ಲಗೆ ಕುಕ್ಕಿದರೆ ಅದೇ ಚಪ್ಪಟೆ ತಳ ಸಿಗುತ್ತದೆ. ಅವನಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ. ಈಗ ಕುಕ್ಕುವ ಸದ್ದು ಪಕ್ಕದ ರೂಮಿಗೂ ಕೇಳುತ್ತದೆ.

ಬೇಯಿಸುವುದರಲ್ಲಿ ನನಗೆ ಪ್ಯಾನಿನದ್ದೇ ಇಷ್ಟ. ಕೆಳಗೆ ಗರಿಗರಿ, ಮೇಲೆ ಮೆತ್ತಗೆ, ಎರಡೂ ಒಂದೇ ತುತ್ತಿನಲ್ಲಿ. ನಾನ್‌ಸ್ಟಿಕ್ ಪ್ಯಾನಿಗೆ ಒಂದು ದೊಡ್ಡ ಚಮಚ ಎಣ್ಣೆ ಹಾಕಿ, ಮಧ್ಯಮ ಉರಿಯಲ್ಲಿ ಡಂಪ್ಲಿಂಗ್‌ಗಳನ್ನು ತಳ ಕೆಳಗೆ ಮಾಡಿ ಒಂದಕ್ಕೊಂದು ತಾಗದಂತೆ ಜೋಡಿಸಿ. ಎರಡು ನಿಮಿಷದಲ್ಲಿ ತಳ ತೆಳುವಾಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಈಗ ಒಂದು ಕೈಯಲ್ಲಿ ಮುಚ್ಚಳ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ನೀರು ಸುರಿಯಿರಿ, ಡಂಪ್ಲಿಂಗ್‌ನ ಮೂರನೇ ಒಂದು ಭಾಗ ಮುಳುಗುವಷ್ಟು. ಎಣ್ಣೆ ಸಿಡಿಯುತ್ತದೆ, ತಕ್ಷಣ ಮುಚ್ಚಿ. ಆರು ನಿಮಿಷ ಒಳಗೆ ಹಬೆಯಲ್ಲಿ ಬೇಯಲಿ.

ಇನ್ನು ಮುಂದೆ ಗಡಿಯಾರಕ್ಕಿಂತ ಕಿವಿಗೆ ಕೆಲಸ ಜಾಸ್ತಿ. ನೀರು ಇರುವಷ್ಟು ಹೊತ್ತು ಗುಳುಗುಳು ಅಂತ ದಪ್ಪ ಸದ್ದು. ಪ್ಯಾನಿನ ಬಿಸಿಯೆಲ್ಲ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತಿರುತ್ತದೆ, ತಳ ನೂರು ಡಿಗ್ರಿ ಆಸುಪಾಸಿನಲ್ಲೇ ನಿಂತಿರುತ್ತದೆ, ಹಾಗಾಗಿ ಸೀಯುವ ಭಯ ಇಲ್ಲ. ಮುಚ್ಚಳ ತೆಗೆದ ಮೇಲೆ ನೀರು ಇಂಗುತ್ತಾ ಗುಳ್ಳೆ ಸಣ್ಣದಾಗುತ್ತದೆ, ಸದ್ದು ತೆಳುವಾಗಿ ಚಿಟಿಚಿಟಿ ಅನ್ನತೊಡಗುತ್ತದೆ. ನೀರು ಮುಗಿಯಿತು, ಉಳಿದದ್ದು ಎಣ್ಣೆ ಮಾತ್ರ ಅಂತ ಅರ್ಥ. ಇಲ್ಲಿಂದ ತಳದ ಬಿಸಿ ಸರಸರ ಏರುತ್ತದೆ. ಒಂದರಿಂದ ಎರಡು ನಿಮಿಷ, ಅಷ್ಟೇ. ಈ ಹೊತ್ತಿನಲ್ಲಿ ಫೋನ್ ಬಂದರೆ ಎತ್ತಬೇಡಿ. ಪ್ಯಾನ್ ಅಲುಗಿಸಿದಾಗ ಡಂಪ್ಲಿಂಗ್‌ಗಳು ತಾವಾಗಿ ಜಾರಿದರೆ ಆಯಿತು. ಅಂಟಿಕೊಂಡಿದ್ದರೆ ಚಮಚದಿಂದ ಕೆದಕುವ ಬದಲು ಇನ್ನರ್ಧ ನಿಮಿಷ ಕಾಯಿರಿ, ಗರಿಯಾದ ತಳ ತಾನೇ ಬಿಟ್ಟುಕೊಳ್ಳುತ್ತದೆ. ಕೀಮಾ ಇದ್ದರೆ ಒಂದನ್ನು ಕತ್ತರಿಸಿ, ಒಳಗೆ ಗುಲಾಬಿ ಬಣ್ಣ ಉಳಿದಿಲ್ಲ ಅಂತ ನೋಡಿಕೊಂಡೇ ಬಡಿಸಿ.

ನೆಂಟರು ಬಂದಾಗ ಒಂದು ಸಣ್ಣ ಡೌಲು ಮಾಡಬಹುದು. ಬರೀ ನೀರಿನ ಬದಲು 100 ಮಿಲಿ ನೀರಿಗೆ ಎರಡು ಸಣ್ಣ ಚಮಚ ಮೈದಾ ಕಲಕಿ ಸುರಿಯಿರಿ. ನೀರು ಇಂಗಿದ ಮೇಲೆ ಆ ಹಿಟ್ಟು ತಳದಲ್ಲಿ ಬಲೆಯಂತೆ ಗರಿಗರಿ ಹಾಳೆಯಾಗಿ ಎಲ್ಲಾ ಡಂಪ್ಲಿಂಗ್‌ಗಳನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಜಪಾನಿನವರು ಇದಕ್ಕೆ ರೆಕ್ಕೆ ಇರುವ ಗ್ಯೋಜಾ ಅನ್ನುತ್ತಾರೆ. ಪ್ಯಾನಿನ ಮೇಲೆ ತಟ್ಟೆ ಮುಚ್ಚಿ ಒಟ್ಟಿಗೆ ಬೋರಲು ಹಾಕಿದರೆ ನೋಡುವುದಕ್ಕೆ ಬಹಳ ಚೆಂದ. ನೆರಿಗೆ ಇಲ್ಲ ಅನ್ನುವುದು ಆಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ, ಯಾಕಂದರೆ ಅದು ಅಡಿಗೆ ಹೋಗಿರುತ್ತದೆ!

ನೀರಿನಲ್ಲಿ ಬೇಯಿಸುವವರು ದೊಡ್ಡ ಪಾತ್ರೆ ಇಡಿ. ಹಾಕಿದ ಕೂಡಲೇ ತಳ ಹಿಡಿಯದಂತೆ ಸೌಟಿನ ಹಿಂಬದಿಯಿಂದ ಒಂದು ಸಲ ಮೆಲ್ಲಗೆ ಸರಿಸಿ. ಕುದಿ ಬಂದಾಗಲೆಲ್ಲ ಒಂದು ಸಣ್ಣ ಲೋಟ ತಣ್ಣೀರು, ಹೀಗೆ ಮೂರು ಸಲ ಹಾಕುವುದು ಚೀನಾದ ಹಳೇ ಕ್ರಮ. ಕುದಿತ ಅಬ್ಬರಿಸದೆ, ಹಾಳೆ ಹರಿಯದೆ, ಒಳಗೆಲ್ಲ ಬೇಯುತ್ತದೆ. ಸ್ಟವ್ ಉರಿ ಸಣ್ಣ ಮಾಡಿದರೂ ಅದೇ ಕೆಲಸ ಆಗುತ್ತದೆ. ತೇಲಿದ ಮೇಲೆ ಇನ್ನೊಂದೆರಡು ನಿಮಿಷ ಬಿಟ್ಟು ತೆಗೆಯಿರಿ. ಹಬೆಗಾದರೆ ತಳಕ್ಕೆ ಕೋಸಿನ ಎಲೆ ಹಾಸಿ ಹತ್ತು ನಿಮಿಷ. ಮುಚ್ಚಳಕ್ಕೆ ಬಟ್ಟೆ ಕಟ್ಟಿದರೆ ಹಬೆ ನೀರು ತೊಟ್ಟಿಕ್ಕಿ ಹಾಳೆ ಕೆಡುವುದಿಲ್ಲ. ಎಣ್ಣೆಯಲ್ಲಿ ಕರಿಯುವುದರ ಬಗ್ಗೆ ನಾನೇನೂ ಹೇಳುವುದಿಲ್ಲ. ಕರಿದರೆ ಏನು ತಾನೇ ಚೆನ್ನಾಗಿರುವುದಿಲ್ಲ?

ಅದ್ದಿಕೊಳ್ಳುವುದಕ್ಕೆ ಎರಡು ಪಾಲು ಸೋಯಾ ಸಾಸ್, ಒಂದು ಪಾಲು ವಿನೆಗರ್, ಮೇಲೆ ಖಾರದ ಎಣ್ಣೆ, ಸಣ್ಣಗೆ ಸೀಳಿದ ಶುಂಠಿ. ಝೆನ್‌ಜಿಯಾಂಗ್ ಅನ್ನುವ ಊರಿನ ಕಪ್ಪು ವಿನೆಗರ್ ಸಿಕ್ಕಿದರೆ ಬಿಡಬೇಡಿ. ಅಂಟು ಅಕ್ಕಿಯಿಂದ ಮಾಡುವಂಥದ್ದು, ಹುಳಿಯ ಜೊತೆ ಒಂದು ಸಿಹಿ ಛಾಯೆ ಇರುತ್ತದೆ. ಇಲ್ಲದಿದ್ದರೆ ಅಕ್ಕಿ ವಿನೆಗರ್‌ಗೆ ಚಿಟಿಕೆ ಸಕ್ಕರೆ. ನಮ್ಮವರು ಮಾತ್ರ ಲೆಕ್ಕ ತಿರುಗಿಸಿ ಎರಡು ಪಾಲು ವಿನೆಗರ್ ಹಾಕಿಕೊಳ್ಳುತ್ತಾರೆ. ಆ ಬಟ್ಟಲು ಅವರಿಗೇ ಬೇರೆ. ಖಾರದ ಎಣ್ಣೆಗೆ ಒಣಮೆಣಸಿನಕಾಯಿ ಪುಡಿ, ಬಿಳಿ ಎಳ್ಳು, ಚಿಟಿಕೆ ಉಪ್ಪನ್ನು ಉಕ್ಕಿನ ಬಟ್ಟಲಿಗೆ ಹಾಕಿ ಬಿಸಿ ಎಣ್ಣೆ ಸುರಿದರೆ ಆಯಿತು. ಎಣ್ಣೆ ಹೊಗೆಯಾಡುವಷ್ಟು ಕಾದಿದ್ದರೆ ಪುಡಿ ಕಪ್ಪಾಗಿ ಕಹಿಯಾಗುತ್ತದೆ, ಒಂದು ನಿಮಿಷ ಆರಿಸಿ ಸುರಿಯಿರಿ. ನೇಪಾಳದ ದಾರಿ ಬೇಕಾದರೆ ಸುಟ್ಟ ಟೊಮೆಟೊ, ಹುರಿದ ಎಳ್ಳು, ಮೆಣಸಿನಕಾಯಿ, ನಾಲಿಗೆ ಜುಮ್ಮೆನ್ನಿಸುವ ತಿಮುರ್ ಕಾಳು ಸೇರಿಸಿ ರುಬ್ಬಿ.

ಅಕ್ಕಿ ಹಾಳೆಯಲ್ಲಿ ಮಾಡಬಹುದಾ ಅಂತ ಬಹಳ ಜನ ಕೇಳುತ್ತಾರೆ. ವಿಯೆಟ್ನಾಮಿನವರು ರೋಲ್‌ಗೆ ಬಳಸುವ ಆ ತೆಳು ಹಾಳೆಯನ್ನು ನೀರಿನಲ್ಲಿ ಅದ್ದಿ, ಹೂರಣ ಇಟ್ಟು, ನಾಲ್ಕೂ ಕಡೆ ಮಡಚಿ ಪ್ಯಾನಿನಲ್ಲಿ ಕಾಯಿಸಿದರೆ ಗರಿಗರಿಯಾಗಿ ಬರುತ್ತದೆ, ಮೈದಾ ಆಗದವರಿಗೆ ಅನುಕೂಲ. ಒಂದಕ್ಕೊಂದು ಮುಟ್ಟಿದರೆ ಮಾತ್ರ ಬಿಡಿಸುವುದಕ್ಕೆ ಆಗುವುದಿಲ್ಲ, ದೂರ ದೂರ ಇಡಿ. ಒಳ್ಳೆಯ ತಿಂಡಿಯೇ. ಆದರೆ ಡಂಪ್ಲಿಂಗ್ ಕಚ್ಚಿದ ತೃಪ್ತಿ ನನಗಂತೂ ಅದರಲ್ಲಿ ಸಿಕ್ಕಿಲ್ಲ.

ಬೇಗ ಆಗುವುದು ಅಂದರೆ ನಿಜವಾಗಿ ಫ್ರೀಜರ್‌ನಲ್ಲಿರುವುದು. ಬಿಡುವಿದ್ದ ದಿನ ಎರಡರಷ್ಟು ಮಾಡಿ, ಅರ್ಧವನ್ನು ಹಸಿಯಾಗಿಯೇ ಎತ್ತಿಡಿ. ತಟ್ಟೆಗೆ ಹಿಟ್ಟು ಉದುರಿಸಿ, ತಾಗದಂತೆ ಜೋಡಿಸಿ, ಫ್ರೀಜರ್‌ನಲ್ಲಿ ಒಂದೆರಡು ಗಂಟೆ ಇಟ್ಟು ಕಲ್ಲಿನಂತಾದ ಮೇಲೆ ಚೀಲಕ್ಕೆ ತುಂಬಿ. ನೇರವಾಗಿ ಚೀಲಕ್ಕೆ ಹಾಕಿದರೆ ಎಲ್ಲಾ ಸೇರಿ ಒಂದೇ ಗಡ್ಡೆ. ಒಂದೆರಡು ತಿಂಗಳು ಚೆನ್ನಾಗಿರುತ್ತದೆ. ತೆಗೆದಾಗ ಕರಗಿಸಬೇಡಿ. ಕರಗಿದರೆ ಹೂರಣದ ಮಂಜು ನೀರಾಗಿ ಹಾಳೆ ಕೆಳಗೇ ಅಂಟಿ ಹರಿಯುತ್ತದೆ. ಫ್ರೀಜರ್‌ನಿಂದ ತೆಗೆದವರೇ ಪ್ಯಾನಿಗೆ ಜೋಡಿಸಿ, ನೀರು ಸ್ವಲ್ಪ ಜಾಸ್ತಿ, ಸಮಯ ಎರಡು ಮೂರು ನಿಮಿಷ ಜಾಸ್ತಿ. ರಾತ್ರಿ ಒಂಬತ್ತಕ್ಕೆ ಮನೆಗೆ ಬಂದು ಸ್ಟಾಕ್ ಕುದಿಸಿ, ಅದಕ್ಕೆ ಆರೇಳು ಡಂಪ್ಲಿಂಗ್, ಒಂದು ಹಿಡಿ ಸೊಪ್ಪು, ಎರಡು ಹನಿ ಎಳ್ಳೆಣ್ಣೆ ಹಾಕಿದರೆ ಕಾಲು ಗಂಟೆಯಲ್ಲಿ ಊಟ ಮುಗಿಯುತ್ತದೆ. ಕೊರಿಯಾದವರು ಹೊಸ ವರ್ಷಕ್ಕೆ ಮಾಡುವ ಮಂಡು ಸೂಪಿನಲ್ಲಿ ಅಕ್ಕಿ ಹಿಟ್ಟಿನ ಬಿಲ್ಲೆಗಳೂ ಇರುತ್ತವೆ, ಅವಿಲ್ಲದೆಯೂ ನಡೆಯುತ್ತದೆ.

ಕಣಕ ಮಿಕ್ಕರೆ ತೆಳುವಾಗಿ ಲಟ್ಟಿಸಿ ಉದ್ದುದ್ದ ಕತ್ತರಿಸಿ ಅದೇ ಸೂಪಿಗೆ ಹಾಕಿ, ನೂಡಲ್ಸ್ ಆಯಿತು. ಹೂರಣ ಮಿಕ್ಕರೆ ಅನ್ನದ ಜೊತೆ ದೊಡ್ಡ ಉರಿಯಲ್ಲಿ ಹುರಿಯಿರಿ. ಎರಡೂ ಮಿಕ್ಕರೆ ಗೊಣಗದೆ ಇನ್ನೂ ನಾಲ್ಕು ಮಡಚಿ ಫ್ರೀಜರ್‌ಗೆ ಹಾಕಿ.